ಸಂಪಾದಕರ ಉತ್ತರ: ಎಂಟನೆಯ ಚೆಂಡು ಬಿದ್ದ ಮೇಲೂ ಸೋತವರಿಗೆ

ಮಾನ್ಯರೇ,

ದಾವಣಗೆರೆಯ ವಿದ್ಯಾನಗರದಿಂದ ನೀವು ಬರೆದ ಪತ್ರವನ್ನು ಸ್ಥಳಾಭಾವದಿಂದ ಪೂರ್ತಿ ಅಚ್ಚು ಹಾಕಲಾಗದ ಕಾರಣ, ಅದರ ಸಾರವನ್ನು ಇತರ ಓದುಗರಿಗಾಗಿ ಮೊದಲು ಹೇಳುತ್ತೇನೆ. ಸಂಜೆ ಅಂಗಡಿಯ ಕೆಲಸ ಮುಗಿಸಿ ಪಾರ್ಲರಿನಲ್ಲಿ ಪೂಲ್ (ಕ್ಯೂ ಎಂಬ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು ಉಳಿದ ಚೆಂಡುಗಳನ್ನು ಟೇಬಲ್ಲಿನ ಪಾಕೆಟ್ಟುಗಳಿಗೆ ಬೀಳಿಸುವ ಆಟ) ಆಡುವ ನೀವು ಅಲ್ಲಿಯ ಹೆಚ್ಚಿನವರನ್ನು ಸೋಲಿಸುತ್ತೀರಿ. ಆದರೆ ಶುಲ್ಕ ಕಟ್ಟಿ ಟೂರ್ನಿಗೆ ಹೋದಾಗಲೆಲ್ಲ ಮೊದಲ ಸುತ್ತಿನಲ್ಲೋ ಎರಡನೆಯದರಲ್ಲೋ ಹೊರಬೀಳುತ್ತೀರಿ. ಕಳೆದ ಬಾರಿ ಮೂರು ಫ್ರೇಮಿನ (ಒಂದು ಫ್ರೇಮ್ ಎಂದರೆ ಒಂದು ಪೂರ್ತಿ ಆಟ) ಪಂದ್ಯ ಒಂದೊಂದರ ಸಮಕ್ಕೆ ಬಂದಿದ್ದಾಗ, ನಿಮ್ಮ ಏಳೂ ಚೆಂಡುಗಳನ್ನು ಮುಗಿಸಿ ಫ್ರೇಮ್ ಗೆಲ್ಲಿಸುವ ಎಂಟನೆಯದಾದ ಕಪ್ಪು ಚೆಂಡನ್ನೂ ಹಾಕಿದಿರಿ. ಅದರ ಬೆನ್ನಿಗೇ ಬಿಳಿ ಚೆಂಡು, ಹೊಸ ಬಟ್ಟೆ ಹಾಕಿದ್ದ ಆ ಟೇಬಲ್ಲಿನ ಮೇಲೆ ನಿಲ್ಲದೆ ಉರುಳಿ, ಇನ್ನೊಂದು ಪಾಕೆಟ್ಟಿಗೆ ಇಳಿಯಿತು. ಫ್ರೇಮ್ ಸೋತಿರಿ ಎಂದು ಸಂಘಟಕರು ಹೇಳಿದರು; ಆ ನಿಯಮದ ಬಗ್ಗೆ ನಿಮಗೆ ತಕರಾರಿದೆ. ಇದೆಲ್ಲ ದುಡ್ಡು ದಂಡ ಎಂದು ತಂದೆಯವರು ಹೇಳುತ್ತಾರೆ. ಮುಂದಿನ ತಿಂಗಳು ಚಿತ್ರದುರ್ಗದಲ್ಲಿ ನಡೆಯುವ ಟೂರ್ನಿಗೆ ಹೋಗಲೋ, ಟೂರ್ನಿಗಳ ಸಹವಾಸವನ್ನೇ ಬಿಡಲೋ ಎಂಬುದು ನಿಮ್ಮ ಪ್ರಶ್ನೆ.

ಮೊದಲು ಸ್ವಲ್ಪ ಲೆಕ್ಕ ಮಾಡೋಣ. 32 ಜನರ ನಾಕೌಟ್ ಟೂರ್ನಿಯಲ್ಲಿ 31 ಪಂದ್ಯಗಳು ನಡೆಯುತ್ತವೆ, ಮತ್ತು 16 ಮಂದಿ ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತಾರೆ. ಯಾರೇ ಎದುರು ಬಂದರೂ ಹತ್ತು ಫ್ರೇಮುಗಳಲ್ಲಿ ಆರನ್ನು ಗೆಲ್ಲಬಲ್ಲಷ್ಟು ನೀವು ಮೇಲಿದ್ದೀರಿ ಎಂದಿಟ್ಟುಕೊಳ್ಳಿ. ಇದು ಸಣ್ಣ ಅಂತರವೇನಲ್ಲ. ಹಾಗಿದ್ದರೂ ಮೂರು ಫ್ರೇಮಿನ ಪಂದ್ಯವನ್ನು ನೀವು ಗೆಲ್ಲುವ ಸಾಧ್ಯತೆ ನೂರಕ್ಕೆ 65 ಮಾತ್ರ. ಮೂರು ಸಲಕ್ಕೆ ಒಮ್ಮೆಯಾದರೂ ಮೊದಲ ಸುತ್ತಿನಲ್ಲೇ ಸೋಲುವುದು ನಿಮ್ಮ ಪಾಲಿಗೆ ಬರೆದಿಟ್ಟಂತೆ ಇರುತ್ತದೆ. ಸತತ ಐದು ಪಂದ್ಯ ಗೆದ್ದು ಕಪ್ ಎತ್ತುವ ಸಾಧ್ಯತೆಯಂತೂ ನೂರಕ್ಕೆ 11ರಷ್ಟು. ಅಂದರೆ ಅಲ್ಲಿ ನೆರೆದವರಲ್ಲೆಲ್ಲ ಉತ್ತಮನಾದ ಆಟಗಾರನೂ ಒಂಬತ್ತು ಟೂರ್ನಿಗಳಲ್ಲಿ ಎಂಟರಿಂದ ಬರಿಗೈಯಲ್ಲಿ ಹಿಂತಿರುಗುತ್ತಾನೆ. ಅದೇ ಐದು ಫ್ರೇಮ್ ಮೊದಲು ಗೆದ್ದವರ ಪಂದ್ಯ ಎಂದು ನಿಯಮವಿದ್ದರೆ, ಒಂದು ಪಂದ್ಯದ ಸಾಧ್ಯತೆ 73ಕ್ಕೂ ಕಪ್ಪಿನ ಸಾಧ್ಯತೆ 21ಕ್ಕೂ ಏರುತ್ತದೆ. ನೀವು ಇಷ್ಟು ದಿನ ಆಟದ ದೋಷವೆಂದು ತಿಳಿದು ಕೊರಗಿದ್ದರಲ್ಲಿ ದೊಡ್ಡ ಪಾಲು ಪಂದ್ಯದ ಉದ್ದಕ್ಕೆ ಸೇರಿದ್ದು.

ಸಂಘಟಕರನ್ನು ಇದಕ್ಕಾಗಿ ದೂರುವುದೂ ಸುಲಭವಲ್ಲ. ಎರಡು ಟೇಬಲ್ ಇರುವ ಪಾರ್ಲರಿನಲ್ಲಿ ಒಂದು ಫ್ರೇಮಿಗೆ ಹತ್ತು ನಿಮಿಷ ಹಿಡಿದು, ಎಲ್ಲ ಪಂದ್ಯಗಳೂ ಮೂರನೆಯ ಫ್ರೇಮಿನವರೆಗೆ ಹೋದರೆ, ಒಂದು ಭಾನುವಾರದ ಎಂಟು ಗಂಟೆ ಅದಕ್ಕೇ ಬೇಕು. ಒಮ್ಮೆ ಸೋತವರಿಗೆ ಇನ್ನೊಂದು ಅವಕಾಶ ಕೊಡುವ ಪದ್ಧತಿಯಲ್ಲಿ ಪಂದ್ಯಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಆದರೂ ಒಂದು ಮಾತು ಹೇಳಬೇಕು. ನಮ್ಮ ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಯಲ್ಲಿ ಹಿರಿಯರು ಮೈಕಟ್ಟು ನೋಡಿ ಸರಿಸಮರ ಜೋಡಿ ಕಟ್ಟುತ್ತಾರೆ. ಪೂಲ್ ಟೂರ್ನಿಯಲ್ಲಿ ಚೀಟಿ ಎತ್ತಿ ಡ್ರಾ ಮಾಡುವುದರಿಂದ, ಈ ವರ್ಷ ಕ್ಯೂ ಹಿಡಿದ ಹುಡುಗನಿಗೆ ಹದಿನೈದು ವರ್ಷ ಆಡಿದವನೇ ಮೊದಲ ಎದುರಾಳಿಯಾಗಬಹುದು. ಬಲವುಳ್ಳವರು ಹೆಚ್ಚು ಫ್ರೇಮ್ ಗೆಲ್ಲಬೇಕೆಂಬ ಹ್ಯಾಂಡಿಕ್ಯಾಪ್ ನಿಯಮ ಇರುವುದು ಇದಕ್ಕಾಗಿಯೇ, ಮತ್ತು ಅದನ್ನು ಕೇಳುವುದರಲ್ಲಿ ಸಂಕೋಚಪಡಬೇಕಾದದ್ದು ಏನೂ ಇಲ್ಲ.

ಇನ್ನು ಆ ಬಿಳಿ ಚೆಂಡಿನ ವಿಷಯ. ಇದನ್ನು ದುರದೃಷ್ಟದ ಖಾತೆಗೆ ಬರೆಯಲು ನನಗೆ ಮನಸ್ಸಿಲ್ಲ. ಉರುಳುತ್ತಾ ಹೋಗುವ ಬಿಳಿ ಚೆಂಡು ಎದುರಿನ ಚೆಂಡಿನ ಸುಮಾರು ಅರ್ಧ ಭಾಗಕ್ಕೆ ತಾಗಿದರೆ, ತಾನು ಬಂದ ದಿಕ್ಕಿನಿಂದ 30 ಡಿಗ್ರಿಯಷ್ಟು ವಾಲಿ ಮುಂದಕ್ಕೆ ಸಾಗುತ್ತದೆ. ತಾಗುವ ಕ್ಷಣದಲ್ಲಿ ಅದು ಉರುಳದೆ ಬರಿದೇ ಜಾರುತ್ತಿದ್ದರೆ, ಎದುರಿನ ಚೆಂಡು ಹೊರಟ ದಾರಿಗೆ ಸುಮಾರು 90 ಡಿಗ್ರಿಯಲ್ಲಿ ಅಡ್ಡ ಹೋಗುತ್ತದೆ. ಹಾಗಾಗಿ ಬಿಳಿ ಚೆಂಡು ಹೊರಡುವ ದಿಕ್ಕು ಹೊಡೆಯುವ ಮೊದಲೇ ಬಹುಮಟ್ಟಿಗೆ ತಿಳಿಯಬಹುದಾದದ್ದು. ಸವೆದು ಮಂದವಾದ ಬಟ್ಟೆಯ ಮೇಲೆ, ಅದರಲ್ಲೂ ಮಳೆಗಾಲದ ತೇವ ಹೀರಿದ ಬಟ್ಟೆಯ ಮೇಲೆ, ಅದೇ ದಿಕ್ಕಿನಲ್ಲಿ ಹೊರಟ ಚೆಂಡು ಪಾಕೆಟ್ಟಿಗೆ ಮುಂಚೆಯೇ ನಿಂತುಬಿಡುತ್ತದೆ. ನಿಮ್ಮ ಪಾರ್ಲರಿನ ಹಳೆಯ ಬಟ್ಟೆ ಇಷ್ಟು ದಿನ ನಿಮ್ಮ ಹೊಡೆತದ ದೋಷವನ್ನು ಮುಚ್ಚಿಟ್ಟುಕೊಂಡು ಬಂದಿದೆ ಎಂಬುದು ನನ್ನ ಅನುಮಾನ. ಬಿಗಿಯಾಗಿ ಎಳೆದು ಹಾಕಿದ ಹೊಸ ಬಟ್ಟೆ ಅದನ್ನು ಎಲ್ಲರೆದುರು ತೋರಿಸಿತು. ಕಪ್ಪು ಚೆಂಡನ್ನು ಅದೇ ಜಾಗದಲ್ಲಿಟ್ಟು, ಬಿಳಿ ಚೆಂಡಿನ ಮಧ್ಯಕ್ಕಿಂತ ತುಸು ಕೆಳಗೆ ಹೊಡೆದು, ಅದನ್ನು 90 ಡಿಗ್ರಿಯ ದಾರಿಗೆ ತರುವುದನ್ನು ಕೆಲವು ಸಂಜೆ ಅಭ್ಯಾಸ ಮಾಡಿ. ಪರಸ್ಥಳದ ಟೇಬಲ್ಲಿನಲ್ಲಿ ಆಡುವ ದಿನ ಬೇಗನೆ ಹೋಗಿ, ಚೆಂಡು ಪಾಕೆಟ್ ಮಾಡುವ ಉತ್ಸಾಹಕ್ಕೆ ಮೊದಲು, ಬರೀ ಬಿಳಿ ಚೆಂಡನ್ನು ಉದ್ದಕ್ಕೆ ಹೊಡೆದು ಎಷ್ಟು ದೂರ ಓಡುತ್ತದೆ ಎಂದು ನೋಡಿಕೊಳ್ಳಿ.

ನಿಯಮದ ಬಗ್ಗೆ ನಿಮಗಿದ್ದ ತಕರಾರಿಗೆ ಉತ್ತರ ಚಿಕ್ಕದು. ವರ್ಲ್ಡ್ ಪೂಲ್ ಬಿಲಿಯರ್ಡ್ ಅಸೋಸಿಯೇಷನ್ನಿನ ನಿಯಮದ ಪ್ರಕಾರ ಕಪ್ಪು ಚೆಂಡು ಬಿದ್ದ ಅದೇ ಹೊಡೆತದಲ್ಲಿ ಬಿಳಿ ಚೆಂಡೂ ಬಿದ್ದರೆ ಫ್ರೇಮ್ ಸೋತಂತೆ. ಸಂಘಟಕರು ಹೇಳಿದ್ದು ಸರಿ. ಆದರೆ ಕಪ್ಪು ಚೆಂಡು ಬೀಳದೆ ಬಿಳಿ ಚೆಂಡು ಮಾತ್ರ ಬಿದ್ದರೆ ಅದು ಫೌಲ್ ಅಷ್ಟೇ, ಎದುರಾಳಿ ಬಿಳಿ ಚೆಂಡನ್ನು ಟೇಬಲ್ಲಿನ ಮೇಲೆ ಎಲ್ಲಿ ಬೇಕಾದರೂ ಇಟ್ಟು ಆಡಬಹುದು. ಎಷ್ಟೋ ಪಾರ್ಲರುಗಳಲ್ಲಿ ಇದನ್ನೂ ಸೋಲೆಂದೇ ಎಣಿಸುತ್ತಾರೆ. ಇನ್ನು ಕೆಲವೆಡೆ ಫೌಲಿಗೆ ಎರಡು ಹೊಡೆತ ಕೊಡುತ್ತಾರೆ. ಶುಲ್ಕ ಕಟ್ಟುವ ಮೊದಲು ಕೇಳಿಕೊಳ್ಳಬೇಕಾದ ಸಂಗತಿಗಳಿವು, ಜಗಳದ ನಡುವೆ ಕೇಳುವಂಥವಲ್ಲ.

ತಂದೆಯವರ ಮಾತಿಗೆ ಬರುತ್ತೇನೆ. ಹವ್ಯಾಸಿಗಳ ಆಟಕ್ಕೆ ಬೆಲೆಯಿಲ್ಲ ಎಂಬುದು ಅವರ ಅಭಿಪ್ರಾಯವಾಗಿದ್ದರೆ, 1958ರಲ್ಲಿ ಕಲ್ಕತ್ತಾದಲ್ಲಿ ವಿಲ್ಸನ್ ಜೋನ್ಸ್ ಗೆದ್ದ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಹವ್ಯಾಸಿಗಳ ಪ್ರಶಸ್ತಿಯೇ ಎಂದು ತಿಳಿಸಿ. 2003ರಲ್ಲಿ ಬೆಂಗಳೂರಿನ ಪಂಕಜ್ ಅಡ್ವಾಣಿ ಚೀನಾದಲ್ಲಿ ಗೆದ್ದ ವಿಶ್ವ ಸ್ನೂಕರ್ ಪ್ರಶಸ್ತಿಯೂ ಅಂಥದ್ದೇ. ಆದರೆ ಅವರ ಆತಂಕ ಪಾರ್ಲರಿನ ಬಾಜಿಯ ಕುರಿತಾಗಿದ್ದರೆ ನಾನು ನಿಮ್ಮ ಪರ ವಾದಿಸಲಾರೆ. ಟೂರ್ನಿಯ ಶುಲ್ಕಕ್ಕೆ ಒಂದು ಮಿತಿಯಿದೆ, ಸೋತ ಹಟಕ್ಕೆ ಮತ್ತೊಂದು ಫ್ರೇಮಿಗೆ ಹಣ ಕಟ್ಟುವುದಕ್ಕೆ ಮಿತಿಯಿಲ್ಲ. ತಿಂಗಳಿಗೆ ಇಷ್ಟೇ ಎಂದು ಒಂದು ಮೊತ್ತವನ್ನು ಅವರ ಮುಂದೆಯೇ ಗೊತ್ತುಮಾಡಿಕೊಂಡರೆ ಮನೆಯಲ್ಲಿ ಈ ಮಾತು ಅರ್ಧಕ್ಕರ್ಧ ಕಡಿಮೆಯಾದೀತು.

ಸೋತ ಫ್ರೇಮುಗಳ ಒಂದು ಪಟ್ಟಿ ಇಡುವ ಅಭ್ಯಾಸವನ್ನೂ ಮಾಡಿಕೊಳ್ಳಿ. ಸುಲಭದ ಚೆಂಡು ತಪ್ಪಿತೋ, ಬಿಳಿ ಚೆಂಡು ತಪ್ಪು ಜಾಗದಲ್ಲಿ ನಿಂತಿತೋ, ಫೌಲ್ ಆಯಿತೋ, ಸೇಫ್ಟಿ (ಎದುರಾಳಿಗೆ ಸುಲಭದ ಹೊಡೆತ ಸಿಗದಂತೆ ಬಿಡುವ ಆಟ) ಆಡಬೇಕಾದಲ್ಲಿ ಆಸೆಗೆ ಬಿದ್ದು ಹೊಡೆದಿರೋ ಎಂದು ಒಂದೊಂದು ಸಾಲು ಸಾಕು. ಎದುರಾಳಿ ಬ್ರೇಕ್ (ಫ್ರೇಮಿನ ಮೊದಲ ಹೊಡೆತ) ಮಾಡಿ ನಿಮಗೆ ಸರದಿಯನ್ನೇ ಕೊಡದೆ ಮುಗಿಸಿದ ಫ್ರೇಮಿನ ಮುಂದೆ ಏನನ್ನೂ ಬರೆಯಬೇಡಿ, ಅದರ ಬಗ್ಗೆ ನಿದ್ದೆಯನ್ನೂ ಕೆಡಿಸಿಕೊಳ್ಳಬೇಡಿ.

ಚಿತ್ರದುರ್ಗ ನಿಮ್ಮಲ್ಲಿಂದ ಅರವತ್ತು ಕಿಲೋಮೀಟರಿನ ಆಸುಪಾಸು. ದಾರಿ ದೊಡ್ಡದಲ್ಲ, ಆದರೆ ಇಡೀ ಭಾನುವಾರ ಹೋಗುತ್ತದೆ. ಸಂಘಟಕರಿಗೆ ಫೋನ್ ಮಾಡಿ ಪಂದ್ಯ ಎಷ್ಟು ಫ್ರೇಮಿನದು, ಸೋತವರಿಗೆ ಇನ್ನೊಂದು ಅವಕಾಶವಿದೆಯೇ, ಫೌಲಿನ ನಿಯಮ ಯಾವುದು ಎಂದು ಕೇಳಿ. ಐದು ಫ್ರೇಮ್ ಮೊದಲು ಗೆದ್ದವರ ಪಂದ್ಯವಾಗಲಿ, ಎರಡನೆಯ ಅವಕಾಶವಾಗಲಿ ಇದ್ದರೆ ಹೋಗಿ. ಎರಡೂ ಇಲ್ಲವೆಂದಾದರೆ, ಆ ಶುಲ್ಕ ಮತ್ತು ಬಸ್ಸಿನ ದುಡ್ಡಿಗೆ ದಾವಣಗೆರೆಯಲ್ಲೇ ಹೊಸ ಬಟ್ಟೆ ಹಾಕಿದ ಟೇಬಲ್ ಎಲ್ಲಿದೆಯೋ ಅಲ್ಲಿ ಕೆಲವು ಗಂಟೆ ಹಿಡಿದುಕೊಂಡು ಆ ಕಪ್ಪು ಚೆಂಡಿನ ಹೊಡೆತವನ್ನು ಸರಿಮಾಡಿಕೊಳ್ಳಿ.

ಸಂಪಾದಕ