ಸಿಡಿಲು ಬಡಿದದ್ದು ಮರಕ್ಕೆ, ಕುರಿಗಳು ಸತ್ತಿದ್ದು ಹೇಗೆ?

ಪ್ರಶ್ನೆ: ಸರ್, ನಮ್ಮದು ಮಳವಳ್ಳಿ ತಾಲ್ಲೂಕು. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಜೋರು ಮಳೆ ಬಂತು. ನಮ್ಮ ಬಂಡೂರು ಕುರಿಗಳು ಬದುವಿನ ಹುಣಸೆ ಮರದಡಿ ಗುಂಪಾಗಿ ನಿಂತವು. ಮರಕ್ಕೆ ಸಿಡಿಲು ಬಡಿದು ಒಂಬತ್ತು ಕುರಿ ಒಂದೇ ಸಲಕ್ಕೆ ಹೋದವು. ಮೈಮೇಲೆ ಸುಟ್ಟ ಗಾಯವೇ ಇರಲಿಲ್ಲ. ಸ್ವಲ್ಪ ದೂರದಲ್ಲಿದ್ದ ಅಣ್ಣನ ಮಗನಿಗೆ ಕಾಲು ಜುಮ್ಮೆಂದಿದ್ದು ಬಿಟ್ಟರೆ ಏನೂ ಆಗಲಿಲ್ಲ. ಊರಲ್ಲಿ ಹರಕೆ ಬಾಕಿ ಇತ್ತು ಅಂತಾರೆ. ನಿಜವಾಗಿ ಏನಾಗಿರಬಹುದು?

ಉತ್ತರ: ಒಂಬತ್ತು ಬಂಡೂರು ಕುರಿ ಅಂದರೆ ಒಂದು ಮನೆಗೆ ಸಣ್ಣ ನಷ್ಟವಲ್ಲ. ಅದರ ಮೇಲೆ ಹರಕೆಯ ಮಾತು ಬೇರೆ. ಆ ಭಾರವನ್ನು ಮೊದಲು ಮನಸ್ಸಿನಿಂದ ಇಳಿಸಿಬಿಡಿ. ನಿಮ್ಮ ಕುರಿಗಳನ್ನು ಕೊಂದದ್ದು ನೆಲದಲ್ಲಿ ಹರಿದ ವಿದ್ಯುತ್ತು.

ಸಿಡಿಲು ಮರಕ್ಕೆ ಬಡಿದು ಅಲ್ಲೇ ಮುಗಿಯುವುದಿಲ್ಲ. ಕಾಂಡದಲ್ಲಿ ಇಳಿದು ಬುಡದಿಂದ ಸುತ್ತಲೂ ನೆಲದಲ್ಲಿ ಹರಡುತ್ತದೆ, ಕೆರೆಗೆ ಕಲ್ಲು ಹಾಕಿದಾಗ ಅಲೆ ಹರಡಿದ ಹಾಗೆ. ಬುಡದ ಹತ್ತಿರ ಜೋರು, ದೂರ ಹೋದಂತೆಲ್ಲ ಕಮ್ಮಿ. ಈಗ ಬುಡದ ಕಡೆ ಮುಖ ಮಾಡಿ ನಿಂತ ಒಂದು ಕುರಿಯನ್ನು ಯೋಚಿಸಿ. ಮುಂಗಾಲಿನ ಕೆಳಗಿನ ನೆಲದಲ್ಲಿ ವೋಲ್ಟೇಜ್ ಜಾಸ್ತಿ, ಹಿಂಗಾಲಿನ ಕೆಳಗೆ ಕಡಿಮೆ. ಈ ವ್ಯತ್ಯಾಸ ಸಾಕು. ಕರೆಂಟು ಮುಂಗಾಲಿನಿಂದ ಹತ್ತಿ, ಎದೆ ದಾಟಿ, ಹಿಂಗಾಲಿನಿಂದ ಇಳಿಯುತ್ತದೆ. ಹೃದಯ ನಿಂತುಹೋಗುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವುದರಿಂದ ಚರ್ಮ ಸುಡಲೇಬೇಕೆಂದಿಲ್ಲ. ದನಗಳೂ ಹೀಗೇ ಸಾಯುತ್ತವೆ.

ಹುಡುಗನಿಗೆ ಎರಡೇ ಕಾಲು, ಅವೂ ಹತ್ತಿರ ಹತ್ತಿರ. ಒಂದು ಕಾಲಿಗೆ ಹತ್ತಿದ್ದು ಇನ್ನೊಂದು ಕಾಲಿನಿಂದ ಇಳಿದಿದೆ, ಎದೆಯವರೆಗೆ ಬಂದಿಲ್ಲ. ಮರದಿಂದ ದೂರವಿದ್ದದ್ದೂ ಅವನನ್ನು ಉಳಿಸಿತು. ಕಾಂಡಕ್ಕೆ ಒರಗಿ ನಿಂತಿದ್ದರೆ ಸಿಡಿಲು ಮರದಿಂದ ಅವನ ಮೈಗೇ ಹಾರುತ್ತಿತ್ತು. ಮರಕ್ಕಿಂತ ನಮ್ಮ ಮೈಯಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ.

ನಮ್ಮ ಕಡೆ ಭರಣಿ, ಕೃತ್ತಿಕೆ ಮಳೆಗಳು ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಜೊತೆಗೇ ಬರುವುದು ಜಾಸ್ತಿ. ಹೊಲದಲ್ಲಿ ಕೆಲಸವೂ ಆಗಲೇ. ಹನಿ ಬೀಳಲಿ ನೋಡೋಣ ಅಂತ ಕಾಯುವುದೇ ಅಪಾಯ. ಗುಡುಗು ಕಿವಿಗೆ ಬಿತ್ತು ಅಂದರೆ ಸಿಡಿಲಿಗೆ ನೀವು ಸಿಗುವಷ್ಟು ಹತ್ತಿರ ಇದ್ದೀರಿ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿದ್ದರೆ ಸಿಡಿಲು ಒಂದೇ ಕಿಲೋಮೀಟರ್ ದೂರದಲ್ಲಿ ಬಿದ್ದಿದೆ. ಮೊದಲ ಗುಡುಗು ಕೇಳಿದಾಗಲೇ ಕುರಿ ಹೊಡೆದುಕೊಂಡು ಹೊರಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊಲಕ್ಕೆ ಮರಳಬೇಡಿ.

ಎಲ್ಲಿಗೆ ಹೋಗೋದು? ಆರ್‌ಸಿಸಿ ಮನೆ, ಶಾಲೆ, ಇಲ್ಲವೇ ಕಿಟಕಿ ಮುಚ್ಚಿದ ಕಾರು, ಬಸ್ಸು. ನಾಲ್ಕು ಕಂಬದ ಮೇಲೆ ಶೀಟು ಹೊದಿಸಿದ ಜಾಗ ಮಳೆ ತಡೆಯುತ್ತದೆಯೇ ಹೊರತು ಸಿಡಿಲನ್ನಲ್ಲ. ಮೋಟರ್ ಮನೆಯೊಳಗೆ ಸ್ಟಾರ್ಟರ್, ಪೈಪು ಮುಟ್ಟಿಕೊಂಡು ನಿಲ್ಲುವುದಂತೂ ಬೇಡವೇ ಬೇಡ. ತಂತಿ ಬೇಲಿ, ನೀರು ನಿಂತ ಗದ್ದೆ, ತೆಂಗಿನ ಮರದ ಬುಡ ಇವುಗಳಿಂದ ದೂರವಿರಿ. ಹವಾಯಿ ಚಪ್ಪಲಿ ಕಾಪಾಡುತ್ತದೆ ಅನ್ನುವುದು ಸುಮ್ನೆ ಮಾತು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ‘ದಾಮಿನಿ’ ಆ್ಯಪ್ ಸುತ್ತಮುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಅಂತ ಮೊಬೈಲಿನಲ್ಲೇ ತೋರಿಸುತ್ತದೆ. ಕುರಿ ಕಾಯುವವರ ಫೋನಿನಲ್ಲಿ ಅದು ಇರಲಿ.

ಇನ್ನೊಂದು ಮಾತು. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಈ ಹೆದರಿಕೆಯಿಂದ ದೂರ ನಿಂತರೆ ಉಳಿಯಬಹುದಾದ ಜೀವ ಹೋಗುತ್ತದೆ. 108ಕ್ಕೆ ಫೋನ್ ಮಾಡಿಸಿ. ಉಸಿರಾಟ ನಿಂತಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಇಳಿಯುವಷ್ಟು ಒತ್ತುತ್ತಲೇ ಇರಿ.

ಜಾನುವಾರು ಸತ್ತರೆ ತಕ್ಷಣ ಹೂಳಬೇಡಿ. ಪಶುವೈದ್ಯರ ಮರಣೋತ್ತರ ಪರೀಕ್ಷೆ, ಗ್ರಾಮ ಆಡಳಿತಾಧಿಕಾರಿಯ ಮಹಜರು ಆಗಲಿ. ಫೋಟೋ ತೆಗೆದಿಡಿ. ಪರಿಹಾರಕ್ಕೆ ಅರ್ಜಿ ಹಾಕುವಾಗ ಈ ಕಾಗದಗಳೇ ಆಧಾರ.

ಪ್ರಶ್ನೆ: ಶ್ರೀರಂಗಪಟ್ಟಣದ ಹತ್ತಿರ ಹೊಳೆ ದಂಡೆಯಲ್ಲಿ ನಮ್ಮ ಜಮೀನಿದೆ. ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಉಕ್ಕುತ್ತದೆ. ಅಷ್ಟು ದೊಡ್ಡ ಕಟ್ಟೆ ಇದ್ದೂ ಕೆಆರ್‌ಎಸ್‌ನಲ್ಲಿ ನೀರು ಹಿಡಿದಿಡೋಕೆ ಆಗಲ್ವಾ?

ಉತ್ತರ: ಕಟ್ಟೆ ತುಂಬುವವರೆಗೆ ಆಗುತ್ತದೆ, ತುಂಬಿದ ಮೇಲೆ ಆಗುವುದಿಲ್ಲ. ಗರಿಷ್ಠ ಮಟ್ಟ 124.80 ಅಡಿ, ಹಿಡಿಯುವುದು ಸುಮಾರು 49 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಒಳಹರಿವು 1 ಲಕ್ಷ ಕ್ಯೂಸೆಕ್, ಅಂದರೆ ಸೆಕೆಂಡಿಗೆ 1 ಲಕ್ಷ ಘನ ಅಡಿ ಇದ್ದರೆ ಒಂದೇ ದಿನಕ್ಕೆ 8.64 ಟಿಎಂಸಿ ಬರುತ್ತದೆ. ಖಾಲಿ ಕಟ್ಟೆಯೇ ಆರು ದಿನದೊಳಗೆ ತುಂಬುವ ಲೆಕ್ಕ ಅದು. ಆ ನೀರು ಬರುವುದು ನಿಮ್ಮೂರಿನ ಮಳೆಯಿಂದಲ್ಲ, ಕೊಡಗು, ಹಾಸನದ ಕಡೆಯಿಂದ. ಹಾಗಾಗಿ ಮಳೆಗಾಲದಲ್ಲಿ ನಿಮ್ಮೂರಿನ ಆಕಾಶ ನೋಡಿದರೆ ಪ್ರಯೋಜನವಿಲ್ಲ. ಕಟ್ಟೆ ತುಂಬುತ್ತಾ ಬಂತು, ಮಡಿಕೇರಿ ಕಡೆ ಮಳೆ ಬಿಟ್ಟಿಲ್ಲ ಅಂದರೆ, ಒಳಹರಿವು ಎಷ್ಟು ಅಂತ ದಿನವೂ ನೋಡಿಕೊಳ್ಳಿ. ಅದು ಏರುತ್ತಿದ್ದರೆ ಡಂಗುರಕ್ಕೆ ಕಾಯಬೇಡಿ. ದಂಡೆಯ ಪಂಪ್‌ಸೆಟ್ಟನ್ನು ಹಗಲಿರುವಾಗಲೇ ಬಿಚ್ಚಿ ಮೇಲೆ ತಂದಿಡಿ. ದನಕರುಗಳನ್ನು ಹೊಳೆ ಕಡೆ ಕಟ್ಟಬೇಡಿ. ನೀರು ಏರಿದ ಮೇಲೆ ಮೋಟರ್ ತರಲು ಯಾರನ್ನೂ ಕಳಿಸಬೇಡಿ.