ಹಡಗಿನಲ್ಲಿ ಕಳಿಸಿದ ಬಟ್ಟೆಗೆ ಬೂಷ್ಟು ಹಿಡಿಯುವುದೇಕೆ, ತಡೆಯುವುದು ಹೇಗೆ?

ಎಲ್ಲರೂ ಸಮುದ್ರದ ನೀರನ್ನು ಬೈಯುತ್ತಾರೆ. ಆದರೆ ಎಷ್ಟೋ ಸಲ ತೇವ ನಾವೇ ತುಂಬಿ ಕಳಿಸಿದ್ದು. ಹತ್ತಿ ಬಟ್ಟೆ ಮುಟ್ಟಿದರೆ ಒಣಗಿದಂತೆ ಕಂಡರೂ ತೂಕದ ಸುಮಾರು 7-8% ನೀರು ಹಿಡಿದುಕೊಂಡಿರುತ್ತದೆ. ಪಾಲಿಯೆಸ್ಟರ್‌ನಲ್ಲಿ ಅರ್ಧ ಪರ್ಸೆಂಟೂ ಇರುವುದಿಲ್ಲ. ರಟ್ಟಿನ ಪೆಟ್ಟಿಗೆ, ಅದರ ಕೆಳಗಿಡುವ ಮರದ ಪ್ಯಾಲೆಟ್‌ಗಳಲ್ಲೂ (ಹಲಗೆ ಚೌಕಟ್ಟು) ತೇವ ಇರುತ್ತದೆ. ಹಗಲು ಕಂಟೇನರ್, ಅಂದರೆ ಸರಕು ತುಂಬುವ ತಗಡಿನ ದೊಡ್ಡ ಪೆಟ್ಟಿಗೆ, ಕಾದಾಗ ಆ ತೇವ ಆವಿಯಾಗುತ್ತದೆ. ರಾತ್ರಿ ತಗಡು ತಣ್ಣಗಾದಾಗ ಚಾವಣಿಯ ಒಳಮೈಯಲ್ಲಿ ಹನಿಗಟ್ಟಿ ಪೆಟ್ಟಿಗೆಗಳ ಮೇಲೆ ತೊಟ್ಟಿಕ್ಕುತ್ತದೆ. ಈ ವ್ಯವಹಾರದವರು ಇದನ್ನು ‘ಕಂಟೇನರ್ ಮಳೆ’ ಅಂತಲೇ ಕರೆಯುತ್ತಾರೆ.

ಇಸ್ತ್ರಿಯಾದ ಬಟ್ಟೆಯನ್ನು ಬಿಸಿಬಿಸಿಯಾಗಿ ಕವರಿಗೆ ತುಂಬಬೇಡಿ, ಪೂರ್ತಿ ಆರಲಿ. ಕವರಿನೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಸರಿ, ಇಡೀ ಕಂಟೇನರ್‌ಗೆ ಅದು ಏನೇನೂ ಸಾಲದು. ಅದಕ್ಕೆ ಇನ್ನೂ ಹೆಚ್ಚು ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಉದ್ದನೆಯ ಚೀಲಗಳನ್ನು ಗೋಡೆಗೆ ನೇತುಹಾಕುತ್ತಾರೆ. ಸರಕು ತುಂಬುವ ಮೊದಲು ಒಬ್ಬರು ಒಳಗೆ ನಿಂತು ಬಾಗಿಲು ಮುಚ್ಚಿಸಿ ನೋಡಲಿ. ಎಲ್ಲಾದರೂ ಬೆಳಕು ಇಣುಕಿದರೆ ಅಲ್ಲಿ ತೂತಿದೆ ಅಂತಲೇ ಅರ್ಥ. ನೆಲದ ಹಲಗೆ ಒದ್ದೆಯಿದ್ದರೆ, ವಾಸನೆ ಬಂದರೆ ಬೇರೆ ಕಂಟೇನರ್ ಕೇಳಿ. ಸಂಕೋಚ ಬೇಡ.

ಸರಕು ಕಡಿಮೆಯಿದ್ದರೆ ಬೇರೆಯವರ ಜೊತೆ ಕಂಟೇನರ್ ಹಂಚಿಕೊಳ್ಳಬಹುದು. ಬಟ್ಟೆ ಹಗುರ, ಆದರೆ ಜಾಗ ಜಾಸ್ತಿ ತಿನ್ನುತ್ತದೆ. ಹಾಗಾಗಿ ಬಾಡಿಗೆ ಸಾಮಾನ್ಯವಾಗಿ ಘನ ಮೀಟರ್ ಲೆಕ್ಕದಲ್ಲೇ ಬೀಳುತ್ತದೆ. 20 ಅಡಿ ಉದ್ದದ ಕಂಟೇನರ್‌ನೊಳಗೆ ಸುಮಾರು 33 ಘನ ಮೀಟರ್ ಜಾಗ. ಪಕ್ಕದ ಸರಕು ಏನೆಂದು ಮಾತ್ರ ಕೇಳಿಕೊಳ್ಳಿ. ಮಸಾಲೆ, ರಬ್ಬರ್ ವಾಸನೆಯನ್ನು ಬಟ್ಟೆ ಬೇಗ ಹೀರಿಕೊಳ್ಳುತ್ತದೆ, ಅಲ್ವಾ?