ಮಡಿಕೇರಿಯಲ್ಲಿ ರೂಮ್ ಮಾಡಿಕೊಂಡು ದಿನಕ್ಕೊಂದು ಬೆಟ್ಟ ಹತ್ತಬಹುದಾ?

ಡಿಸೆಂಬರ್‌ನಲ್ಲಿ ನಾಲ್ಕು ದಿನ ರಜೆ. ಮಡಿಕೇರಿಯಲ್ಲಿ ರೂಮ್. ಅಲ್ಲಿಂದ ತಡಿಯಂಡಮೋಳ್, ಬ್ರಹ್ಮಗಿರಿ, ಕುಮಾರ ಪರ್ವತ, ದಿನಕ್ಕೊಂದು. ಸಂಜೆ ಊರಿನವರ ಆಟ, ಹಾಡು ನೋಡಬೇಕು. ಬೈಕ್ ಬಾಡಿಗೆಗೆ ತಗೊಳ್ಳೋದಾ, ಬಸ್ಸಾ? ನೀವು ಕೇಳಿದ್ದು ಇದು. 2018ರ ಬೇಸಿಗೆಯಲ್ಲಿ ನಾನೂ ನನ್ನ ಗೆಳೆಯನೂ ಹೆಚ್ಚುಕಡಿಮೆ ಇದೇ ಪಟ್ಟಿ ಹಿಡಿದು ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿದ್ದೆವು.

ಬೆಳಿಗ್ಗೆ ಮಡಿಕೇರಿಯಲ್ಲಿ ಇಳಿದೆವು. ರೂಮಿನ ದುಡ್ಡು ಮೊದಲೇ ಪೂರ್ತಿ ಕಟ್ಟಿದ್ದೆವು. ಮುಖ ತೊಳೆದು, ತಿಂಡಿ ತಿಂದು, ಬಸ್‌ಸ್ಟ್ಯಾಂಡಿಗೆ ಬಂದು ನಾಪೋಕ್ಲು ಬಸ್ಸಿಗೆ ಕಾದೆವು. ನಾಪೋಕ್ಲುವಿನಲ್ಲಿ ಇಳಿದು ಕಕ್ಕಬ್ಬೆ ಕಡೆಯ ಬಸ್ಸಿಗೆ ಮತ್ತೆ ಕಾದೆವು. ಅಲ್ಲಿಂದ ಕಾಫಿ ತೋಟಗಳ ನಡುವಿನ ಏರು ದಾರಿ ನಡೆದು ನಾಲ್ಕುನಾಡು ಅರಮನೆ ಮುಟ್ಟುವಾಗ ಸೂರ್ಯ ನೆತ್ತಿಗೆ ಬಂದಿದ್ದ. ತಡಿಯಂಡಮೋಳ್ ಹತ್ತುವವರ ದಾರಿ ಶುರುವಾಗುವುದು ಈ ಅರಮನೆಯ ಹತ್ತಿರದಿಂದ. ಅಂದರೆ ಹತ್ತಿ ಮುಗಿಸಬೇಕಾದ ಹೊತ್ತಿಗೆ ನಾವು ಹತ್ತಲು ಶುರು ಮಾಡಿದ್ದೆವು.

ನಮ್ಮ ತಪ್ಪು ತಡವಾಗಿ ಎದ್ದದ್ದಲ್ಲ, ಬಸ್ ತಪ್ಪಿಸಿಕೊಂಡದ್ದೂ ಅಲ್ಲ. ಮಡಿಕೇರಿಯಲ್ಲಿ ಉಳಿಯಲು ಹೊರಟದ್ದೇ ತಪ್ಪು. ಮ್ಯಾಪಿನಲ್ಲಿ ನೋಡಿದರೆ ಮಡಿಕೇರಿ ಎಲ್ಲದಕ್ಕೂ ನಡುವೆ ಇದೆ. ಹಾಗಾಗಿ ಎಲ್ಲವೂ ಹತ್ತಿರ ಅನ್ನಿಸುತ್ತದೆ. ಆದರೆ ಈ ಬೆಟ್ಟಗಳು ಒಂದೊಂದೂ ಒಂದೊಂದು ಮೂಲೆಯಲ್ಲಿವೆ. ತಡಿಯಂಡಮೋಳ್ ನೈಋತ್ಯಕ್ಕೆ, ಕಕ್ಕಬ್ಬೆಯ ಮೇಲೆ. ಇರ್ಪು ಜಲಪಾತದಿಂದ ಹತ್ತುವ ಬ್ರಹ್ಮಗಿರಿ ದಕ್ಷಿಣದ ತುದಿಯಲ್ಲಿ, ಕೇರಳದ ಗಡಿಗೆ ಅಂಟಿಕೊಂಡು. ವಿರಾಜಪೇಟೆ, ಗೋಣಿಕೊಪ್ಪ, ಶ್ರೀಮಂಗಲ ಎಲ್ಲ ದಾಟಿ ಹೋಗಬೇಕು. ಕುಮಾರ ಪರ್ವತ ಉತ್ತರದ ತುದಿಯಲ್ಲಿ. ಅದಕ್ಕೆ ಸೋಮವಾರಪೇಟೆ ಕಡೆಯಿಂದ ಬರಬೇಕು, ಇಲ್ಲವೇ ಸಂಪಾಜೆ ಘಾಟಿ ಇಳಿದು, ಸುಳ್ಯ ದಾಟಿ, ಕುಕ್ಕೆಗೆ ಹೋಗಿ ಆ ಕಡೆಯಿಂದ ಹತ್ತಬೇಕು. ನಡುವೆ ಇರುವ ಊರು ಎಲ್ಲದಕ್ಕೂ ಸಮವಾಗಿ ದೂರ, ಅಷ್ಟೇ. ಇಲ್ಲಿ ಕಿಲೋಮೀಟರ್ ಲೆಕ್ಕ ನಂಬಬೇಡಿ. ತಿರುವು, ಏರಿಳಿತ, ಮಂಜು ಸೇರಿದರೆ ಬಯಲುಸೀಮೆಯಲ್ಲಿ ಮುಕ್ಕಾಲು ಗಂಟೆಯ ದೂರ ಒಂದೂವರೆ ಗಂಟೆ ಹಿಡಿಯುತ್ತದೆ. ಬಸ್ ಬದಲಿಸಬೇಕಾದರೆ ಇನ್ನೂ ಜಾಸ್ತಿ. ಅದನ್ನು ದಿನಕ್ಕೆ ಎರಡು ಸಲ ಮಾಡಿ ನೋಡಿ. ಬೆಟ್ಟಕ್ಕೆ ಸಿಗುವುದು ನಡುಮಧ್ಯಾಹ್ನದ ಹೊತ್ತು ಮಾತ್ರ. ಬೇಸಿಗೆಯ ಮಲೆನಾಡಿನಲ್ಲಿ ಬೆಟ್ಟದ ಮೇಲೆ ಇರಲೇಬಾರದ ಹೊತ್ತು ಅದು.

ನಮಗೆ ಆದದ್ದೂ ಅದೇ. ಮೊದಲಿಗೆ ಜೀಪ್ ಹೋಗುವಂಥ ದಾರಿ, ಆಮೇಲೆ ದೊಡ್ಡ ಬಂಡೆ, ಅಲ್ಲಿಂದ ಬೋಳು ಹುಲ್ಲುಗಾವಲು, ಕೊನೆಗೆ ಕಡಿದಾದ ಶೋಲಾ ಕಾಡು (ಎತ್ತರದ ಬೆಟ್ಟಗಳ ಕುಳ್ಳ ಮರಗಳ ಕಾಡು) ಹತ್ತಿದರೆ ತುದಿ. 1748 ಮೀಟರ್, ಕೊಡಗಿನಲ್ಲೇ ಅತಿ ಎತ್ತರ. ಬೆಳಿಗ್ಗೆ ಬೇಗ ಹೊರಟವರು ಎದುರಿಗೆ ಇಳಿದು ಬರುತ್ತಿದ್ದರು. 'ಈಗ ಮೇಲೆ ಹೋಗ್ತೀರಾ?' ಅಂತ ಒಬ್ಬರು ನಿಂತು ಕೇಳಿದರು. ನಾವು ನಿಲ್ಲಲಿಲ್ಲ. ಹುಲ್ಲುಗಾವಲಿನಲ್ಲಿ ಇರುವಾಗ ಕೇರಳದ ಕಡೆಯಿಂದ ಮೋಡ ಎದ್ದಿತು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಇಲ್ಲಿ ಗುಡುಗು ಮಳೆ ಬರುವುದು ಹೊಸದಲ್ಲ. ಆದರೆ ಬೋಳು ಬೆಟ್ಟದ ಮೇಲೆ, ಸುತ್ತ ನಮಗಿಂತ ಎತ್ತರದ್ದು ಏನೂ ಇಲ್ಲದ ಕಡೆ ಮಿಂಚು ಹೊಡೆದಾಗ ಆಗುವ ಭಯ ನನಗೆ ಅದೇ ಮೊದಲು. ತುದಿ ಕಾಣುತ್ತಿತ್ತು. ಬಿಟ್ಟು ಓಡಿದೆವು. ಇಳಿಯುವಾಗ ನೆನೆದ ಕಲ್ಲಿನ ಮೇಲೆ ಗೆಳೆಯ ಜಾರಿ ಬಿದ್ದ. ಕಾಲು ಉಳುಕಿ ಪಾದ ಊದಿತು. ಅವನನ್ನು ಹೆಗಲಿಗೆ ಆನಿಸಿಕೊಂಡು ಅರಮನೆಯವರೆಗೆ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ನಾಪೋಕ್ಲುವಿಗೆ ಕೊನೆಯ ಬಸ್ ಹೋಗಿಯಾಗಿತ್ತು. ಮಡಿಕೇರಿಯಲ್ಲಿ ನಮ್ಮ ರೂಮ್ ದೀಪ ಹಚ್ಚುವವರಿಲ್ಲದೆ ಬಿದ್ದಿತ್ತು.

ಅಲ್ಲೇ ತೋಟದ ಮನೆಯ ಅಂಕಲ್ ಒಬ್ಬರು ನಮ್ಮನ್ನು ನೋಡಿ ಜೀಪ್ ನಿಲ್ಲಿಸಿದರು. 'ಈ ಹೊತ್ತಲ್ಲಿ ಈ ದಾರಿಲಿ ನಡೀಬೇಡಿ, ಆನೆ ಇರ್ತಾವೆ' ಅಂದರು. ಕೊಡಗಿನಲ್ಲಿ ಇದು ಹೆದರಿಸುವ ಮಾತಲ್ಲ. ಕಾಫಿ ತೋಟಕ್ಕೆ ಆನೆ ಇಳಿಯುವುದು ಅಲ್ಲಿಯವರ ದಿನದಿನದ ಕಷ್ಟ. ಅವರ ಮನೆಯಲ್ಲೇ ಉಳಿದೆವು. ಆಂಟಿ ಕಾಲಿಗೆ ಬಿಸಿನೀರಿನ ಶಾಖ ಕೊಟ್ಟು, ಬಿಸಿ ಬಿಸಿ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ, ಬಡಿಸಿದರು. ಹಸಿವಿಗೆ ನಾವು ನಾಚಿಕೆ ಬಿಟ್ಟು ತಿಂದೆವು.

ಮರುದಿನ ಬ್ರಹ್ಮಗಿರಿಯ ಮಾತೇ ಇಲ್ಲ. ಗೆಳೆಯ ಕಾಲು ಊರುವಂತಿರಲಿಲ್ಲ. 'ಸುಮ್ನೆ ಮನೇಲಿ ಕೂತು ಏನು ಮಾಡ್ತೀರಿ, ಮ್ಯಾಚಿಗೆ ಬನ್ನಿ' ಅಂತ ಅಂಕಲ್ ಇಬ್ಬರನ್ನೂ ಜೀಪಿಗೆ ಹತ್ತಿಸಿಕೊಂಡರು. ಆ ವರ್ಷ ಕೊಡವ ಕುಟುಂಬಗಳ ಹಾಕಿ ಹಬ್ಬ ನಾಪೋಕ್ಲುವಿನಲ್ಲೇ ಇತ್ತು. 1997ರಲ್ಲಿ ಕರಡ ಅನ್ನುವ ಊರಿನಲ್ಲಿ 60 ಕುಟುಂಬಗಳಿಂದ ಶುರುವಾದ ಟೂರ್ನಮೆಂಟ್ ಇದು. ಪ್ರತಿ ವರ್ಷ ಒಂದೊಂದು ಕುಟುಂಬ ಹೊಣೆ ಹೊತ್ತು ನಡೆಸುತ್ತದೆ. ತಂಡ ಅಂದರೆ ಮನೆತನ, ಅಷ್ಟೇ. ಒಂದೇ ತಂಡದಲ್ಲಿ ಶಾಲೆಗೆ ಹೋಗುವ ಹುಡುಗ, ಅವನ ಚಿಕ್ಕಮ್ಮ, ತಲೆ ನರೆತ ದೊಡ್ಡಪ್ಪ. ಚೆಂಡು ತನ್ನ ಹತ್ತಿರ ಬಂದಾಗ ಆ ಹುಡುಗ ಪಾಸ್ ಕೊಡಲು ಹಿಂಜರಿಯಲಿಲ್ಲ, ದೊಡ್ಡಪ್ಪ ಓಡಲು ಹಿಂಜರಿಯಲಿಲ್ಲ. ಗೋಲಾದಾಗ ಪಕ್ಕದಲ್ಲಿ ಕೂತಿದ್ದ ಅಜ್ಜಿ ಎದ್ದು ನಿಂತು ಮೊಮ್ಮಗಳ ಹೆಸರು ಹಿಡಿದು ಕೂಗಿದರು. ನಾನು ದುಡ್ಡು ಕೊಟ್ಟು ಸ್ಟೇಡಿಯಂಗಳಲ್ಲಿ ನೋಡಿದ ಯಾವ ಆಟವೂ ನನ್ನನ್ನು ಇಷ್ಟು ಹಿಡಿದು ಕೂರಿಸಿಲ್ಲ. ಅದೇ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು, ಊರುಗಳೇ ಮಣ್ಣಾದವು. ಆಮೇಲೆ ಕೊರೋನಾ ಬಂತು. ಕೆಲವು ವರ್ಷ ಹಬ್ಬ ನಿಂತೇ ಹೋಯಿತು. 2023ರಲ್ಲಿ ಮತ್ತೆ ಶುರುವಾದಾಗ ನನಗಂತೂ ನಮ್ಮ ಮನೆಯ ಸುದ್ದಿಯಷ್ಟೇ ಖುಷಿಯಾಯಿತು. 2024ರಲ್ಲಿ ನಾಪೋಕ್ಲುವಿನಲ್ಲೇ 360 ಕುಟುಂಬಗಳು ಆಡಿ ಗಿನ್ನೆಸ್ ದಾಖಲೆ ಮಾಡಿದವು.

ಹಾಗಾಗಿ ಬೈಕಾ ಬಸ್ಸಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬೈಕ್ ತಗೊಂಡರೂ ದೂರ ಕಡಿಮೆಯಾಗಲ್ಲ, ದಣಿದ ಕಾಲಲ್ಲಿ ಕತ್ತಲೆಯ ತಿರುವುಗಳಲ್ಲಿ ಗಾಡಿ ಓಡಿಸುವ ಹೊಸ ಅಪಾಯ ಸೇರುತ್ತದೆ. ಮೂರು ಬೆಟ್ಟದ ಪಟ್ಟಿ ಹರಿದು ಹಾಕಿ. ಮಡಿಕೇರಿಗೆ ಅರ್ಧ ದಿನ ಸಾಕು. ಕೋಟೆ ನೋಡಿ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ ನೋಡಿ, ಹೊರಡಿ. ಉಳಿದ ದಿನವೆಲ್ಲ ಕಕ್ಕಬ್ಬೆ ಸುತ್ತಮುತ್ತ ಒಂದು ಹೋಮ್‌ಸ್ಟೇ ಹಿಡಿಯಿರಿ. ಬೆಂಗಳೂರಿನಿಂದ ನೇರ ವಿರಾಜಪೇಟೆಗೆ ಬಂದು ಅಲ್ಲಿಂದ ಒಳಗೆ ಹೋದರೆ ಇನ್ನೂ ಸಲೀಸು. ಬೆಳಿಗ್ಗೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ತೆರೆಯುವ ಹೊತ್ತಿಗೇ ಅಲ್ಲಿರಿ, ಬಿಸಿಲೇರುವ ಮೊದಲು ತುದಿಯಲ್ಲಿರುತ್ತೀರಿ. ಈಗ ಅರಣ್ಯ ಇಲಾಖೆಯ ಅರಣ್ಯ ವಿಹಾರ ವೆಬ್‌ಸೈಟ್‌ನಲ್ಲಿ ಮೊದಲೇ ಟಿಕೆಟ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿಯಿದೆ, ಶನಿವಾರ ಭಾನುವಾರ ಬೇಗ ತುಂಬುತ್ತದೆ. ಗುರುತಿನ ಚೀಟಿ ಮರೆಯಬೇಡಿ. ಟೆಂಟ್ ಹೊತ್ತು ತರಬೇಡಿ, ಮೇಲೆ ಉಳಿಯಲು ಬಿಡುವುದಿಲ್ಲ. ಡಿಸೆಂಬರ್‌ನಲ್ಲಿ ಗುಡುಗಿನ ಭಯ ಕಡಿಮೆ, ಜಿಗಣೆ ಕಾಟವೂ ಅಷ್ಟಿರಲ್ಲ. ಆದರೆ ಸಂಜೆ ಆರೂವರೆಗೆಲ್ಲ ಕತ್ತಲು.

ಇಳಿದು ಬಂದ ಮೇಲೆ ಅರಮನೆಗೆ ಒಂದಿಷ್ಟು ಹೊತ್ತು ಕೊಡಿ. ನಮ್ಮ ಅವಸರದಲ್ಲಿ ಮೊದಲ ಸಲ ಅದನ್ನು ಸರಿಯಾಗಿ ನೋಡಲೇ ಇಲ್ಲ, ಅದು ನನಗೆ ಈಗಲೂ ಬೇಸರ. ದೊಡ್ಡ ವೀರರಾಜೇಂದ್ರ 1792-94ರಲ್ಲಿ ಕಟ್ಟಿಸಿದ್ದು. 1834ರಲ್ಲಿ ಬ್ರಿಟಿಷರು ಕೊಡಗಿಗೆ ನುಗ್ಗಿದಾಗ ಕೊನೆಯ ಅರಸ ಚಿಕ್ಕವೀರ ರಾಜೇಂದ್ರ ಬಂದು ಸೇರಿಕೊಂಡದ್ದು ಇಲ್ಲಿಗೇ. ಆ ಕಾಡಿನ ನಡುವೆ ನಿಂತರೆ ಅವನು ಇಲ್ಲಿಗೆ ಯಾಕೆ ಬಂದ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಊರಿನವರ ಆಟ, ಹಾಡು. ನೀವು ಕೇಳಿದ 'ಸಂಜೆ ಹೊತ್ತಿನ ಲೋಕಲ್ ಅನುಭವ' ಟಿಕೆಟ್ ಕೊಟ್ಟು ಸಿಗುವಂಥದ್ದಲ್ಲ. ಹಾಕಿ ಹಬ್ಬ ಬೇಸಿಗೆಯದ್ದು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಸೆಪ್ಟೆಂಬರ್‌ನ ಕೈಲ್‌ಪೊಳ್ದ್, ಅಂದರೆ ಕೊಡವರ ಆಯುಧ ಪೂಜೆಯ ಹಬ್ಬದ ಹೊತ್ತಿಗೆ ಜೋರು. ಆದರೆ ನಿಮ್ಮ ತಿಂಗಳಿಗೆ ಎಲ್ಲಕ್ಕಿಂತ ದೊಡ್ಡದೇ ಸಿಗಬಹುದು. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಬರುತ್ತದೆ. ಅದರ ದಿನ ಗೊತ್ತು ಮಾಡುವುದು ಕಕ್ಕಬ್ಬೆ ಹತ್ತಿರದ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ. ರಾತ್ರಿ ಗದ್ದೆಗೆ ಹೋಗಿ, ಗುಂಡು ಹಾರಿಸಿ, ಹೊಸ ಕದಿರು ಕೊಯ್ದು, 'ಪೊಲಿ ಪೊಲಿ ದೇವಾ' ಅಂತ ಕೂಗುತ್ತಾ ಮನೆಗೆ ತರುತ್ತಾರೆ. ಆಮೇಲೆ ಮಂದ್‌ನಲ್ಲಿ ಕೋಲಾಟ. ಮಂದ್ ಅಂದರೆ ಊರಿನವರು ಸೇರುವ ಬಯಲು. ರಜೆ ಹಾಕುವ ಮೊದಲು ಈ ವರ್ಷದ ಹುತ್ತರಿ ದಿನ ನೋಡಿ, ಸಾಧ್ಯವಾದರೆ ರಜೆಯನ್ನೇ ಆ ಕಡೆ ಸರಿಸಿ. ಮಂದ್‌ನ ಕೋಲಾಟವನ್ನು ಬದಿಯಲ್ಲಿ ನಿಂತು ನೋಡಿ. ಮನೆಯ ಪೂಜೆ, ಗದ್ದೆಯ ಕೊಯ್ಲು ಅವರ ಮನೆಯ ವಿಷಯ. ಕರೆದರೆ ಮಾತ್ರ ಹೋಗಿ, ಕೇಳದೆ ಕ್ಯಾಮರಾ ಹೊರಗೆ ತೆಗೆಯಬೇಡಿ.

ಬ್ರಹ್ಮಗಿರಿ ಬಗ್ಗೆ ಒಂದು ಮಾತು. ತಲಕಾವೇರಿಯ ಬೆಟ್ಟಕ್ಕೂ ಅದೇ ಹೆಸರು, ಹಾಗಾಗಿ ಬುಕ್ ಮಾಡುವಾಗ ಇರ್ಪುವಿನದ್ದೇ ಹೌದಾ ಅಂತ ನೋಡಿಕೊಳ್ಳಿ. ಕಾಲಲ್ಲಿ ಶಕ್ತಿ ಉಳಿದಿದ್ದರೆ ಕೊನೆಯ ದಿನ ಶ್ರೀಮಂಗಲ ಕಡೆ ಉಳಿದು ಅದನ್ನು ಹತ್ತಬಹುದು, ಇಲ್ಲದಿದ್ದರೆ ಬಿಡಿ. ಕುಮಾರ ಪರ್ವತಕ್ಕೆ ಇನ್ನೊಂದು ಸಲ, ಬೇರೆಯದೇ ಪ್ರಯಾಣ ಮಾಡಿ, ಕುಕ್ಕೆಯಲ್ಲಿ ಉಳಿದು ಹೋಗಿ. ರೂಮಿಗೆ ದುಡ್ಡು ಕಟ್ಟಿಲ್ಲ ತಾನೇ? ಕಟ್ಟಿದ್ದರೆ ಇವತ್ತೇ ಫೋನ್ ಮಾಡಿ ಕ್ಯಾನ್ಸಲ್ ಮಾಡಿ.